ಕೊಳವೆಯೊಳಗಿನ ಎಣಿಕೆ

೧೯೬೨ರ ಬೇಸಗೆ. ಮೀನುಗಾರಿಕೆ ಇಲಾಖೆಯಲ್ಲಿ ನನಗೆ ಕೆಲಸ ಸಿಕ್ಕಿ ಎರಡೇ ತಿಂಗಳಾಗಿತ್ತು. ಬಂಟ್ವಾಳದಲ್ಲಿ ನೇತ್ರಾವತಿಯ ದಡದ ಪುಟ್ಟ ವಿದ್ಯುತ್ ಸ್ಥಾವರಕ್ಕೆ ನೀರೆಳೆಯುವ ಕೊಳವೆಯ ಬಾಯಿಗೆ ಜಾಲರಿ ಕಟ್ಟಿ, ಅದರಲ್ಲಿ ಸಿಕ್ಕಿಬಿದ್ದ ಮೀನುಗಳನ್ನು ಎಣಿಸಬೇಕಿತ್ತು. ಜೊತೆಗಿದ್ದವರು ಪಂಪು ನೋಡಿಕೊಳ್ಳುವ ಶೀನಪ್ಪ.

ಒಂದು ಮಟಮಟ ಮಧ್ಯಾಹ್ನ ಪಂಪು ನಿಲ್ಲಿಸಿ ಮೊಣಕಾಲುದ್ದ ನೀರಿಗಿಳಿದೆವು. ಆ ಬಿಸಿಲಲ್ಲೂ ನೀರು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ನಾನು "ಹನ್ನೆರಡು" ಎಂದು ಮೀನನ್ನು ಬುಟ್ಟಿಗೆ ಹಾಕಿದೆ. ಕೊಳವೆಯೊಳಗಿನಿಂದ ಯಾರೋ "ಹದಿಮೂರು" ಎಂದರು.

"ಶೀನಪ್ಪಣ್ಣಾ, ಅದು ನೀವಾ?"

"ನಾನು ಎಣಿಸುವುದು ತುಳುವಿನಲ್ಲಿ. ಇಷ್ಟು ಶುದ್ಧ ಕನ್ನಡ ಅಂದರೆ ಅದು ನಿಮ್ಮ ಇಲಾಖೆಯದ್ದೇ!"

ನಾನು ತಪ್ಪಿದಲ್ಲೆಲ್ಲ ಆ ದನಿ ಕೆಮ್ಮಿ ತಿದ್ದಿತು. ಎಣಿಕೆ ಬಿಟ್ಟು ಬಂದರೆ ಕೆಲಸ ಹೋದೀತೆಂದು ನಾನು ಮುಂದುವರಿಸಿದೆ. ನಲವತ್ತಕ್ಕೆ ಮೀನು ಮುಗಿಯಿತು.

"ನಲವತ್ತೊಂದು" ಎಂದಿತು ಕೊಳವೆ. ಸ್ವಲ್ಪ ತಡೆದು, "ನಲವತ್ತೆರಡು."

"ನಮ್ಮನ್ನೂ ಲೆಕ್ಕಕ್ಕೆ ಸೇರಿಸಿತು ಮಾರಾಯ್ರೆ! ಓಡುವ!" ಎಂದು ಶೀನಪ್ಪ ಕಿರುಚಿದರು.

ಬುಟ್ಟಿಯನ್ನು ಅಲ್ಲೇ ಬಿಟ್ಟು, ಬಿದ್ದು ಎದ್ದು ದಡ ಹತ್ತುವಾಗ ಬೆನ್ನ ಹಿಂದೆ ಮತ್ತೆ ಕೇಳಿಸಿತು: "ನಲವತ್ತಮೂರು."

ಅಂದು ನೀರಿಗಿಳಿದಿದ್ದವರು ನಾವಿಬ್ಬರೇ.