ತಾರೀಕು ತಿದ್ದದ ಸೋಮವಾರ

ಗುಂಡ್ಲುಪೇಟೆ ಬಸ್ ನಿಲ್ದಾಣದ ಹಿಂದಿನ ಜೆರಾಕ್ಸ್ ಅಂಗಡಿಯಲ್ಲಿ ರೈತರಿಗೆ ಪಹಣಿ ತೆಗೆದುಕೊಡುವುದು ನನ್ನ ಕೆಲಸ. ಕಂಪ್ಯೂಟರ್ ಹಳೇ ವಿಂಡೋಸ್ ಸೆವೆನ್. ಬ್ರೌಸರ್ ತೆರೆದರೆ, ಈ ಸಿಸ್ಟಮ್‌ಗೆ ಇನ್ನು ಅಪ್‌ಡೇಟ್ ಇಲ್ಲ ಎಂಬ ಸೂಚನೆ ಬರುತ್ತದೆ. ಒಳಗಿನ ಸೆಲ್ ಸತ್ತಿರುವುದರಿಂದ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗಿರುತ್ತದೆ. ತಿದ್ದದಿದ್ದರೆ ಯಾವ ಪೇಜೂ ತೆರೆಯುವುದಿಲ್ಲ.

ಬೇರೆ ಕಂಪ್ಯೂಟರುಗಳು ತಯಾರಾದ ವರ್ಷಕ್ಕೆ ಹೋಗುತ್ತವೆ. ಇದು ಹೋಗುವುದು ಎರಡು ವರ್ಷದ ಹಿಂದಿನ ಜೂನ್ ಹದಿನಾಲ್ಕಕ್ಕೆ, ಬೆಳಿಗ್ಗೆ ಹನ್ನೊಂದೂಕಾಲಿಗೆ. ಆಗ ಈ ಕುರ್ಚಿಯಲ್ಲಿದ್ದ ಶಾಂತರಾಜು ‘ಪೇಜ್ ಓಪನ್ ಆಯ್ತಿಲ್ಲ, ನಾಳೆ ಬಾ’ ಅಂದಿದ್ದಕ್ಕೆ, ಪಹಣಿಗಾಗಿ ಮೂರು ದಿನ ಅಲೆದಿದ್ದ ರೈತ ಮಾದಪ್ಪ ಹಿಂದಿನಿಂದ ಮಚ್ಚು ಬೀಸಿ ಕೊಂದಿದ್ದ. ಕೀಬೋರ್ಡ್ ಸಂದಿಯಲ್ಲಿ ರಕ್ತ ಇನ್ನೂ ಕಪ್ಪಗಿದೆ.

ಕಳೆದ ಸೋಮವಾರ ಅಂಗಡಿಯಲ್ಲಿ ನಾನೊಬ್ಬನೇ ಇದ್ದೆ. ಹನ್ನೊಂದರ ಮೇಲೆ ಕರೆಂಟ್ ಬಂತು. ತಾರೀಕು ತಿದ್ದಲು ಬೇಸರವಾಗಿ ಹಾಗೇ ಪಹಣಿ ಪೇಜ್ ಒತ್ತಿದೆ. ಪೇಜ್ ತೆರೆಯಿತು. ಕೀಗಳು ಬೆಚ್ಚಗೆ, ಬೆರಳಿಗೆ ಅಂಟುತ್ತಿದ್ದವು. ಬೆನ್ನ ಹಿಂದೆ ಎಲೆ ಅಡಿಕೆ ವಾಸನೆ.

‘ಬಂತೇನ್ಲಾ?’

ತಿರುಗುವ ಮೊದಲೇ ಹೆಗಲಿಗೆ ಏಟು ಬಿತ್ತು. ಕುರ್ಚಿ ಸಮೇತ ಉರುಳಿದೆ. ಇನ್ನೊಂದು ಬಿತ್ತು, ಮತ್ತೊಂದು ಬಿತ್ತು. ಮೂಳೆ ಕಡಿಯುವ ಸದ್ದು ನನಗೇ ಕೇಳಿಸಿತು. ಎದ್ದು ನೋಡಿದರೆ ಯಾರೂ ಇಲ್ಲ. ಅಂಗಿ ಹೆಗಲಿಂದ ಸೊಂಟದವರೆಗೆ ಸೀಳಿತ್ತು. ಮೈಮೇಲೆ ಒಂದು ಗೀರೂ ಇರಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಮಾದಪ್ಪ ಸತ್ತಿಲ್ಲ, ಜೈಲಿನಲ್ಲಿದ್ದಾನೆ. ಮರುದಿನ ಅವನನ್ನು ನೋಡಿಕೊಂಡು ಬಂದ ಅವನ ಹೆಂಡತಿ ಶಶಿರೇಖಾ ಅಂಗಡಿಯ ಹೊರಗೇ ನಿಂತಳು.

‘ನೆನ್ನೆ ಅನ್ನೊಂದೂಕಾಲ್ ಗಂಟೆಯಿಂದ್ಲೂ ಅವ್ರ ಕೈ ತುಂಬಾ ರಕ್ತ ಕಣಣ್ಣ. ತೊಳುದ್ರೂ ಓಯ್ತಿಲ್ಲ, ಗಾಯ ಎಲ್ಲೂ ಇಲ್ಲ. ಇಲ್ಲಿ ಯಾರ್ಗಾರ ಏನಾರ ಆಯ್ತಾ?’