ನಾಲ್ಕನೇ ಮೇಜಿನ ಫೋನು

ಮಳವಳ್ಳಿಯ ಸಣ್ಣತಾಯಮ್ಮ ಅಡುಗೆಮನೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಕೈಯಲ್ಲಿ ಫೋನು ಹಾಗೇ ಇತ್ತು. ಪಕ್ಕದ ಮನೆಯ ಲಿಂಗಯ್ಯ ಆಸ್ಪತ್ರೆಗೆ ಸೇರಿಸಿದ್ದರಿಂದ ಜೀವ ಉಳಿಯಿತು.

ಅವರ ಕರೆ ಹೋಗಿದ್ದು ಮಂಡ್ಯದ ಗುತ್ತಲಿನಲ್ಲಿದ್ದ, ಫೋನಿನಲ್ಲೇ ಆರೋಗ್ಯ ಸಲಹೆ ಕೊಡುವ ಕಚೇರಿಗೆ. ಮರುದಿನ ಅಲ್ಲಿನ ಡಾಕ್ಟರ್ ವೀಣ, ಮದ್ದೂರಿನಿಂದ ಇಂಟರ್ನೆಟ್ ರಿಪೇರಿಯ ಜಕೀವುಲ್ಲಾನನ್ನು ಕರೆಸಿದರು.

"ಆ ಅಜ್ಜಿ ಕರೆ ತಗೊಂಡಿದ್ದು ನಾಲ್ಕನೇ ಮೇಜಿನ ರಂಜಿತ. ಎರಡು ವಾರದಿಂದ ಅವಳ ಮಾತು ಮಾತ್ರ ಹರಿದು ಹರಿದು ಹೋಗ್ತಿದೆ. ಸಂಜೆಯೊಳಗೆ ಕಾರಣ ಸಿಗದಿದ್ರೆ ಅವಳನ್ನ ಕೆಲಸದಿಂದ ತೆಗೀಬೇಕಾಗುತ್ತೆ."

ಮೇಲ್ವಿಚಾರಕ ಶಶಿಧರ್ ಪಾನ್ ಮಸಾಲ ಜಗಿಯುತ್ತಿದ್ದ. "'ತಲೆ ಸುತ್ತದೆ ಕಣಮ್ಮ' ಅಂತ ಮುದುಕೀರು ರಾಗ ಎಳೀತಾರೆ. ಇವಳಿಗೆ ಬೇಜಾರು. ಸೋಮವಾರ ಇಂಟರ್ನೆಟ್ ಪೆಟ್ಟಿಗೆ ಇರೋ ಆ ಬೀರು ತೆಗೆದು ವೈರ್ ಎಳೀತಿದ್ಲು. ನಾನೇ ನೋಡ್ದೆ."

ರಂಜಿತ ಬಿಸಿಲಲ್ಲಿ ಬಂದವನ ಮುಂದೆ ನೀರಿನ ಲೋಟ ಇಟ್ಟಳು.

* * *

ಜಕೀವುಲ್ಲಾ ರಂಜಿತಳ ಫೋನನ್ನು ಎರಡನೇ ಮೇಜಿಗೆ ಹಾಕಿದ. ಮಾತು ಅಲ್ಲೂ ಹರಿಯಿತು. ಎರಡನೇ ಮೇಜಿನ ಫೋನನ್ನು ಅವಳ ಮೇಜಿಗೆ ತಂದ. ಸ್ಪಷ್ಟವಾಗಿತ್ತು. ವೈರಿನ ದೋಷವಲ್ಲ. ಅವಳ ಫೋನನ್ನು ತನ್ನ ಮೊಬೈಲ್ ಇಂಟರ್ನೆಟ್‌ಗೆ ಸೇರಿಸಿದ. ಅದೂ ಸ್ಪಷ್ಟ. ಫೋನಿನ ದೋಷವೂ ಅಲ್ಲ.

ಉಳಿದದ್ದು ಫೈರ್‌ವಾಲ್, ಕಚೇರಿಯ ಇಂಟರ್ನೆಟ್ಟಿಗೆ ಕಾವಲಿರುವ ಪೆಟ್ಟಿಗೆ. ಅದು ಬೀರುವಿನೊಳಗಿತ್ತು. ಆಯುಧಪೂಜೆಯಲ್ಲಿ ಅದರ ಬಾಗಿಲುಗಳ ಎರಡು ಹಿಡಿಗಳನ್ನೂ ಸೇರಿಸಿ ಕಟ್ಟಿದ್ದ ಸೇವಂತಿಗೆ ಹಾರ ತಿಂಗಳಾದರೂ ಹಾಗೇ ಇತ್ತು. ಅವನು ಬೆರಳು ತಾಗಿಸಿದ. ಒಣ ಎಸಳು ಪುಡಿಪುಡಿಯಾಗಿ ಉದುರಿತು.

ಆಮೇಲೆ ಲಿಂಗಯ್ಯನಿಗೆ ಫೋನ್ ಮಾಡಿದ. "ನಿಮಗೆ ಹೆಂಗೆ ಗೊತ್ತಾಯ್ತು ಯಜಮಾನ್ರೆ?"

"ಅಜ್ಜಿ ಅಲ್ಲಿ ನನ್ನ ನಂಬರೂ ಬರೆಸಿತ್ತು, ಅದಕ್ಕೆ ರಂಜಿತ ಅನ್ನೋ ಮಗ ತನ್ನ ಮೊಬೈಲಿಂದ ಫೋನ್ ಮಾಡ್ತು ಕಣಪ್ಪ. ಅಜ್ಜಿಗೆ ನನ್ನ ಮಾತು ಕೇಳ್ತಿಲ್ಲ, ಬೇಗ ಓಗಿ ನೋಡಿ ಅಂತು. ಆಸ್ಪತ್ರೆ ಸೇರೋಗಂಟ ನಾಕು ಸಲ ಇಚಾರಿಸ್ತು."

* * *

"ಬೇಜಾರಾದವಳು ನಾಲ್ಕು ಸಲ ವಿಚಾರಿಸಲ್ಲ ಮೇಡಂ," ಎಂದ ಜಕೀವುಲ್ಲಾ. "ಬೀರು ತೆಗೆದಿದ್ರೆ ಹಾರ ಉಳೀತಿರಲಿಲ್ಲ. ಶಶಿಧರ್ ನೋಡಿದ್ದು ಸುಳ್ಳು. ಫೈರ್‌ವಾಲ್ ಬದಲಾಯಿಸೋಕೆ ಬೀರು ತೆಗೀಬೇಕಿಲ್ಲ, ಪಾಸ್‌ವರ್ಡ್ ಸಾಕು. ಅದು ಯಾರ ಹತ್ರ ಇದೆ?"

"ನನ್ನ ಹತ್ರ. ಶಶಿಧರ್ ಹತ್ರ."

ವೀಣ ಪಾಸ್‌ವರ್ಡ್ ಹಾಕಿದೊಡನೆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಸಾಲು ಮೂಡಿತು. ರಂಜಿತಳ ಫೋನಿನ ಮಾತು ಹೊರಗೆ ಹೋಗುವ ದಾರಿಯನ್ನು ಮಾತ್ರ ಕಿರಿದು ಮಾಡಲಾಗಿತ್ತು. ಎರಡು ವಾರದ ಹಿಂದಿನ ಶುಕ್ರವಾರ, ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷ. ಬದಲಿಸಿದವರು: ಶಶಿಧರ್.

ವೀಣ ಕಡತದಿಂದ ಕಾಗದವೊಂದನ್ನು ತೆಗೆದರು. ಅದೇ ಶುಕ್ರವಾರ ಬೆಳಿಗ್ಗೆ ರಂಜಿತ ಬರೆದುಕೊಟ್ಟ ದೂರು. ರೋಗಿಗಳ ಕರೆಯನ್ನು ಸ್ಪೀಕರಿಗೆ ಹಾಕಿ, ಮುದುಕಿಯರ ನರಳಾಟವನ್ನು ಶಶಿಧರ್ ಅಣಕಿಸಿ ಉಳಿದವರನ್ನು ನಗಿಸುತ್ತಾನೆ ಎಂದಿತ್ತು.

"ಇದನ್ನ ಆವತ್ತೇ ನಾನೇ ನಿನಗೆ ತೋರಿಸಿದ್ದೆ," ಎಂದರು ವೀಣ ಶಶಿಧರನಿಗೆ. "ಒಂದು ಜೀವ ಹೋಗ್ತಿತ್ತಲ್ಲೋ."

"ತಮಾಷೆಗೆ ಮೇಡಂ. ಸ್ವಲ್ಪ ಬುದ್ಧಿ ಕಲಿಸೋಣ ಅಂತ..."

ಅವನ ಬಾಯಿಯ ಮಸಾಲದ ವಾಸನೆಗೆ ವೀಣ ಮುಖ ತಿರುಗಿಸಿದರು. ಪೊಲೀಸ್ ಠಾಣೆಗೆ ಫೋನ್ ಹಚ್ಚಿದರು. ಅವನು ಮುಟ್ಟಿದ್ದ ಕೀಬೋರ್ಡನ್ನು ಜಕೀವುಲ್ಲಾ ಬಟ್ಟೆಯಿಂದ ಒರೆಸಿ, ಪೊಲೀಸರಿಗೆಂದು ಆ ಸಾಲಿನ ಫೋಟೋ ತೆಗೆದು, ಆಮೇಲೆ ಅದನ್ನು ಅಳಿಸಿದ.

ರಂಜಿತ ನಾಲ್ಕನೇ ಮೇಜಿನಿಂದ ಆಸ್ಪತ್ರೆಗೆ ಕರೆ ಮಾಡಿದಳು.

"ಅಜ್ಜಿ, ನನ್ನ ಮಾತು ಕೇಳ್ತಾ ಇದೆಯಾ?"

"ಚೆಂದಾಗಿ ಕೇಳ್ತದೆ ಕಣವ್ವ," ಎಂದರು ಸಣ್ಣತಾಯಮ್ಮ. "ನೀನು ಉಂಡ್ಯಾ?"