ಮೆಣಸಿನ ಮಂಡಿಯ ಅಟ್ಟ

ಪನಮರಂ ಪೇಟೆಯಲ್ಲಿ ಈಗ ನೈಟ್‌ಕ್ಲಬ್ ಆಗಿರುವ ಕಟ್ಟಡ ಒಂದು ಕಾಲಕ್ಕೆ ನಮ್ಮಜ್ಜನ ಕಾಳುಮೆಣಸಿನ ಮಂಡಿ. ಅಲ್ಲಿ ನಾನು ಕೇಳಿದ್ದನ್ನು ಕೇಳಿದ ಹಾಗೇ ಹೇಳುತ್ತೇನೆ.

ಮಂಡಿಯ ಮರದ ಅಟ್ಟದ ಮೇಲೆ ಹೆಂಗಸರು ಮೆಣಸಿನ ಗೊಂಚಲು ತುಳಿದು ಕಾಳು ಬಿಡಿಸುತ್ತಿದ್ದರು. ಅಜ್ಜ ಕೆಳಗಿನಿಂದ "ಸಾಕು, ಇಳೀರಿ" ಎನ್ನುವವರೆಗೂ ನಿಲ್ಲಿಸುವಂತಿರಲಿಲ್ಲ. ಹಿಮ್ಮಡಿ ಬಿದ್ದು ಬಿದ್ದು ಹಲಗೆಗಳು ಬಟ್ಟಲಿನಂತೆ ಗುಳಿಬಿದ್ದಿದ್ದವು. ಕಟ್ಟಡ ನಮ್ಮ ಕೈತಪ್ಪಿದ ಮೇಲೂ, ಆ ಅಟ್ಟವನ್ನಾದರೂ ಪಾರಂಪರಿಕವೆಂದು ಉಳಿಸಿ ಎಂದು ಕಚೇರಿ ಕಚೇರಿ ಅಲೆದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಲಬ್ಬಿನ ಮಾಲೀಕ ಶ್ರೀಧರನ್, ಬಣ್ಣದ ದೀಪ ತೂಗುಹಾಕಲು ಎತ್ತರ ಸಾಲದೆಂದು ಅಟ್ಟ, ಏಣಿ ಎರಡನ್ನೂ ಕೀಳಿಸಿದ.

ಕಳೆದ ಆಷಾಢದಲ್ಲಿ, ಬಳ್ಳಿಗಳಲ್ಲಿ ಮೆಣಸು ಇನ್ನೂ ಹೂವಾಗಿದ್ದಾಗ, ಒಂದು ಮಧ್ಯಾಹ್ನ ಅವನೇ ನನ್ನನ್ನು ಕರೆಸಿದ.

"ಸಾರೇ, ಪಾಟ್ಟು ಎಷ್ಟು ಜೋರು ಹಾಕಿದ್ರೂ ಇದು ಕೇಳ್ತದೆ. ಹೇಗಾದ್ರೂ ನಿಲ್ಸಿ."

ಖಾಲಿ ಹಾಲ್‌ನಲ್ಲಿ, ತಲೆಯ ಮೇಲೆ, ಧಪ್ ಧಪ್ ಎಂದು ಬರಿಗಾಲಿನ ಸದ್ದು. ಕತ್ತೆತ್ತಿದರೆ ಹೆಂಚಿನವರೆಗೆ ತೂಗುದೀಪಗಳ ಹೊರತು ಏನೂ ಇಲ್ಲ. ಹಸಿ ಕಾಳುಮೆಣಸಿನ ಘಾಟಿಗೆ ಕಣ್ಣುರಿಯಿತು. ಅಜ್ಜನ ಹಾಗೆ "ಸಾಕು, ಇಳೀರಿ" ಎಂದು ಕೂಗಿದೆ. ಸದ್ದು ಇನ್ನೂ ಬಿರುಸಾಯಿತು.

ನೇರ ಚೆಲುವಮ್ಮನ ಮನೆಗೆ ಹೋದೆ. ಅಲ್ಲಿ ತುಳಿದವರಲ್ಲಿ ಉಳಿದಿರುವವಳು ಅವಳೊಬ್ಬಳೇ. ಪಾರ್ಶ್ವವಾಯು ಬಡಿದು ವರ್ಷಗಳಿಂದ ಹಾಸಿಗೆ ಹಿಡಿದಿದ್ದಾಳೆ. ನಾನು ಬಾಯಿ ತೆರೆಯುವ ಮೊದಲೇ ಅತ್ತಳು.

"ನೀ ಕೂಗಿದ್ದು ಕೇಳಿಸ್ತು ಮೋನೇ. ಇಳಿಯೋದು ಹೆಂಗೆ? ಏಣಿ ಎಲ್ಲಿ?"

ಹೊದಿಕೆ ಸರಿಸಿ ನೋಡಿದೆ. ಅವಳ ಎರಡೂ ಅಂಗಾಲುಗಳು ಹಸಿ ಕಾಳುಮೆಣಸಿನ ರಸದಲ್ಲಿ ಒದ್ದೆಯಾಗಿದ್ದವು.